ಒಂದೇ ಸೂಜಿ, ದೊಡ್ಡವರು ಮೊದಲು

ಸರ್ಕಾರ ನನಗೆ ಕೊಟ್ಟಿರುವ ಅಧಿಕಾರವೆಲ್ಲ ಒಂದು ದಂಡದ ಪುಸ್ತಕದೊಳಗೆ ಹಿಡಿಸುತ್ತದೆ. ಬಸ್ ನಿಲ್ದಾಣದಲ್ಲಿ ಬೀಡಿ ಸೇದುವವರಿಗೆ, ಶಾಲೆಯ ಪಕ್ಕದಲ್ಲಿ ಗುಟ್ಕಾ ಮಾರುವವರಿಗೆ ಚೀಟಿ ಹರಿದು ಕೊಡಬಹುದು. ಹೋಟೆಲಿನ ನೀರಿನ ತೊಟ್ಟಿಯೊಳಗೆ ಇಣುಕಬಹುದು. ಪಂಕ್ಚರ್ ಅಂಗಡಿಯ ಹಳೇ ಟೈರಿನಲ್ಲಿ ಸೊಳ್ಳೆಮರಿ ಕಂಡರೆ ನೋಟಿಸು ಅಂಟಿಸಬಹುದು. ದಿನವಿಡೀ ಮನುಷ್ಯರ ಚರ್ಮ ಚುಚ್ಚುವ ಅಂಗಡಿಗೆ ಹೋದರೆ ಮಾತ್ರ ನಾನೂ ಒಬ್ಬ ಗಿರಾಕಿ, ಅಷ್ಟೇ. ಇದು ನನಗೆ ಗೊತ್ತಾದದ್ದು ಒಬ್ಬ ಬಸುರಿಯ ರಕ್ತಪರೀಕ್ಷೆಯಿಂದ.

ಎಲೆಕ್ಟ್ರಾನಿಕ್ ಸಿಟಿಗೂ ಅತ್ತಿಬೆಲೆಗೂ ನಡುವಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಹೆಲ್ತ್ ಇನ್‌ಸ್ಪೆಕ್ಟರ್. ಅವತ್ತು ಗರ್ಭಿಣಿಯರ ತಪಾಸಣೆಯ ದಿನ. ಲ್ಯಾಬ್ ಟೆಕ್ನಿಷಿಯನ್ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಮೇಜಿನ ಮೇಲಿದ್ದ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದ್ದವು.

"ಹೆಪಟೈಟಿಸ್ ಬಿ ಮೇಡಂ. ಬೇರೆ ಕಿಟ್ಟಲ್ಲೂ ಹಾಕಿ ನೋಡ್ದೆ. ಅದೇ ಬಂತು."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಹುಡುಗಿಗೆ ಐದು ತಿಂಗಳು. ಅಲ್ಲಿಯವರೆಗೆ ಖಾಸಗಿ ಕ್ಲಿನಿಕ್ಕಿಗೆ ತೋರಿಸುತ್ತಿದ್ದವಳು ತಾಯಿ ಕಾರ್ಡ್ ಮಾಡಿಸಲೆಂದು ನಮ್ಮಲ್ಲಿಗೆ ಬಂದಿದ್ದಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಚೆಕಿಂಗ್ ಕೆಲಸ. ಮದುವೆಯಾಗಿ ವರ್ಷವಾಗಿರಲಿಲ್ಲ. ಗಂಡ ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಾನೆ. ಗಂಡನ ಮನೆಯವರು ಊರಿನ ಹಳೇ ಕುಳ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳಿವೆ. ಮನೆಯ ಯಜಮಾನಿಕೆಯೆಲ್ಲ ವಿಧವೆ ಅತ್ತೆಯದು.

ಈ ವೈರಸ್ಸು ಯಕೃತ್ತಿನಲ್ಲಿ ಕೂರುತ್ತದೆ. ರಕ್ತದಿಂದ ರಕ್ತಕ್ಕೆ, ದೇಹಸಂಬಂಧದಲ್ಲಿ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹೋಗುತ್ತದೆ. ದೊಡ್ಡವರಿಗೆ ಹೊಸದಾಗಿ ತಗುಲಿದರೆ ಬಹಳಷ್ಟು ಮಂದಿ ಆರು ತಿಂಗಳಲ್ಲಿ ತಾವೇ ಗೆದ್ದು ಬರುತ್ತಾರೆ. ಹುಟ್ಟುವಾಗಲೇ ತಗುಲಿದ ಮಗುವಿಗೆ ಹಾಗಲ್ಲ, ಅದು ಸಾಮಾನ್ಯವಾಗಿ ಜೀವನಪೂರ್ತಿ ಹೊರಬೇಕಾದ ಹೊರೆ. ಅದಕ್ಕೇ ಹುಟ್ಟಿದ ಒಂದು ದಿನದೊಳಗೆ ಆ ಮಗುವಿಗೆ ಎರಡು ಚುಚ್ಚುಮದ್ದು ಬೀಳಲೇಬೇಕು. ಒಂದು ಎಲ್ಲ ಮಕ್ಕಳಿಗೂ ಹಾಕುವ ಲಸಿಕೆ, ಇನ್ನೊಂದು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಿಗುವ ಇಮ್ಯುನೊಗ್ಲಾಬ್ಯುಲಿನ್. ನನ್ನ ಕೆಲಸ ಇಷ್ಟೇ ಆಗಿತ್ತು: ಹುಡುಗಿಯನ್ನು ಕಣ್ಣಳತೆಯಲ್ಲಿಟ್ಟುಕೊಂಡು ಸರಿಯಾದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವುದು.

ನಿಯಮದ ಪ್ರಕಾರ ಮೊದಲು ಗಂಡನ ಪರೀಕ್ಷೆ. ನಾನೇ ಫೋನ್ ಮಾಡಿ ಕರೆಸಿದೆ. ಅವನದು ನೆಗೆಟಿವ್ ಬಂತು, ಮೊದಲ ಲಸಿಕೆಯನ್ನೂ ಹಾಕಿ ಕಳಿಸಿದೆವು. ಒಳ್ಳೆಯ ಸುದ್ದಿ ಎಂದುಕೊಂಡೆ. ಅವನು ಮನೆಗೆ ಹೋಗಿ ಹೆಂಡತಿಯದನ್ನೂ ತನ್ನದನ್ನೂ ಅಮ್ಮನ ಮುಂದೆ ಒದರಿದ. ಮರುದಿನ ಅತ್ತೆ ಬಂದವರೇ ನನ್ನ ಮೇಜಿನ ಮುಂದೆ ನಿಂತರು.

"ನನ್ ಮಗನ್ಗೆ ಇಲ್ಲ, ಇವ್ಳಿಗೈತೆ. ಅಂಗಾರೆ ಎಲ್ಲಿಂದ ಬಂತು ಯೋಳಿ ಮೇಡಮ್ಮ? ಗಾರ್ಮೆಂಟ್ಸು ಗಾರ್ಮೆಂಟ್ಸು ಅಂತ ಬೆಳಗಾನೆದ್ದು ಓಯ್ತಿದ್ಲು. ನಾನು ಆಗ್ಲೇ ಬ್ಯಾಡ ಅಂದಿದ್ದೆ."

ರಕ್ತದಿಂದ ಬರಬಹುದು, ಸೂಜಿಯಿಂದ ಬರಬಹುದು ಎಂದೆಲ್ಲ ಹೇಳಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅವರಿಗೆ ಬೇಕಿದ್ದ ಉತ್ತರ ಅವರ ಬಾಯಲ್ಲೇ ಇತ್ತು. ಗಂಡನನ್ನು ಪರೀಕ್ಷೆಗೆ ಕರೆಸಿದ ನಾನು, ಆ ಕಾಗದ ಮನೆಯೊಳಗೆ ಹೋದರೆ ಏನಾಗುತ್ತದೆಂದು ಮೊದಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅದು ನನ್ನ ಮೊದಲ ತಪ್ಪು.

ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಪಟ್ಟಿ ಹಿಡಿದು ಕೇಳುತ್ತಾ ಹೋದೆ. ಹಲ್ಲು ಕೀಳಿಸಿದ್ದೀಯಾ? ಇಲ್ಲ. ರಕ್ತ ಹಾಕಿಸಿಕೊಂಡಿದ್ದೀಯಾ? ಇಲ್ಲ. ಡ್ರಿಪ್, ಇಂಜೆಕ್ಷನ್? ಇಲ್ಲ. ಹಚ್ಚೆ? ಅವಳು ಬಳೆಗಳನ್ನು ಮೇಲೆ ಸರಿಸಿದಳು. ಎಡ ಮುಂಗೈಯಲ್ಲಿ ಚುಕ್ಕಿ ಚುಕ್ಕಿಯಾಗಿ ಒಂದು ತೊಟ್ಟಿಲು. ಮಸಿ ಇನ್ನೂ ಹೊಸದು.

"ನಿಂತಿದೆ ಅಂತ ಗೊತ್ತಾದ್ ವಾರಾನೇ ಅತ್ತೆ ಕರ್ಕೊಂಡ್ ಹೋದ್ರು ಮೇಡಂ. ಅವರ ಮನೇಲಿ ಬಸುರಿ ಆದ್ರೆ ತೊಟ್ಟಿಲ ಹಚ್ಚೆ ಹಾಕಿಸ್ಲೇಬೇಕಂತೆ. ಇಲ್ದಿದ್ರೆ ಹಿರೀಕರು ಆ ಕೈಯ್ಯಿಂದ ನೀರು ಈಸ್ಕೊಳ್ಳಲ್ವಂತೆ."

ಮೊದಲೆಲ್ಲ ಬುಟ್ಟಿ ಹೊತ್ತ ಹೆಂಗಸರು ಮನೆ ಬಾಗಿಲಿಗೇ ಬಂದು ಹಚ್ಚೆ ಹೊಯ್ಯುತ್ತಿದ್ದರು. ಈಗ ಅವರಿಲ್ಲ. ಹಾಗಾಗಿ ಅತ್ತೆ ಸೊಸೆಯನ್ನು ಹೆದ್ದಾರಿ ಪಕ್ಕದ ಕಾಂಪ್ಲೆಕ್ಸ್‌ನಲ್ಲಿ ಜಿಮ್ಮಿನ ಕೆಳಗಿರುವ ಟ್ಯಾಟೂ ಅಂಗಡಿಗೆ ಕರೆದೊಯ್ದಿದ್ದರು. ಅದಾಗಿ ಮೂರು ತಿಂಗಳ ಮೇಲಾಗಿತ್ತು. ಲೆಕ್ಕ ಕೂಡುತ್ತಿತ್ತು. ಸೋಂಕು ಹೊಸದೋ ಹಳೆಯದೋ ಎಂದು ಹೇಳುವ ಇನ್ನೊಂದು ಪರೀಕ್ಷೆಗೆ ಅವಳ ರಕ್ತವನ್ನು ಸಿಟಿಯ ದೊಡ್ಡ ಲ್ಯಾಬಿಗೆ ಕಳಿಸಿದೆವು. ವಾರದ ಮೇಲೆ ಉತ್ತರ ಬಂತು: ಹೊಸದು.

ಅಂಗಡಿಗೆ ಹೋದೆ. ಗಾಜಿನ ಬಾಗಿಲು, ಏಸಿ, ಮುಂಗೈಯಿಂದ ಕುತ್ತಿಗೆವರೆಗೆ ಚಿತ್ರ ಬರೆಸಿಕೊಂಡ ಅಂಗಡಿಯವನು. ಗುರುತಿನ ಚೀಟಿ ತೋರಿಸಿದರೆ ಅವನು ಗಾಬರಿಯಾಗಲಿಲ್ಲ, ಕುರ್ಚಿ ಎಳೆದು ಹಾಕಿದ. ಒಪ್ಪಬೇಕು, ಅಂಗಡಿ ನಮ್ಮ ಆರೋಗ್ಯ ಕೇಂದ್ರಕ್ಕಿಂತ ಚೊಕ್ಕಟವಾಗಿತ್ತು. ಕೈಗೆ ಕಪ್ಪು ಗ್ಲೌಸು. ಸೂಜಿ ಕೂಡಿಸಿದ ಪುಟ್ಟ ಕೊಳವೆಗಳು ಒಂದೊಂದೂ ಬೇರೆ ಬೇರೆ ಕವರಿನಲ್ಲಿ. ಯಂತ್ರದ ಹಿಡಿಯನ್ನು ಹೇಗೆ ಶುಚಿ ಮಾಡುತ್ತೀಯಾ ಎಂದು ಕೇಳಿದೆ. ಸಲೂನಿನಲ್ಲಿರುವಂಥ ನೀಲಿ ದೀಪದ ಪೆಟ್ಟಿಗೆ ತೋರಿಸಿದ.

"ಇದರೊಳಗೆ ಹತ್ತು ನಿಮಿಷ ಇಟ್ರೆ ಎಲ್ಲಾ ಸತ್ತೋಗುತ್ತೆ ಮೇಡಂ."

"ಯಾರು ಹೇಳಿದ್ದು?"

"ಪೆಟ್ಟಿಗೆ ಮಾರಿದೋನು."

ರಕ್ತ ಮೆತ್ತಿದ ಹಿಡಿಗೆ ಬೇಕಿರುವುದು ಒತ್ತಡದ ಹಬೆ, ನೀಲಿ ಬೆಳಕಲ್ಲ. ಒಬ್ಬರಿಗೆ ಬಳಸಿ ಉಳಿದ ಮಸಿಯನ್ನು ಏನು ಮಾಡುತ್ತೀಯಾ ಎಂದರೆ, ವೇಸ್ಟ್ ಮಾಡಲ್ಲ, ವಾಪಸ್ ಶೀಶೆಗೆ ಸುರೀತೀನಿ ಎಂದ. ಮಸಿ ತೆಳ್ಳಗೆ ಮಾಡಲು ಕ್ಯಾನ್ ನೀರು. ಸೂಜಿ ಹೊಸದು, ಮಸಿ ಊರವರದೆಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ತಡೆದುಕೊಂಡು ಅತ್ತೆ ಸೊಸೆಯ ವಿಷಯ ತೆಗೆದೆ.

ಅವನಿಗೆ ತಟ್ಟನೆ ನೆನಪಾಯಿತು. ಅವರಿಬ್ಬರದು ಅವನ ಪೇಜಿನಲ್ಲಿ ಸಕ್ಕತ್ ಓಡಿದ ರೀಲ್ ಅಂತೆ. ಫೋನ್ ತೆಗೆದು ತೋರಿಸಿದ. ಮೊದಲು ಅತ್ತೆಯ ಕೈ. ಮಾಸಿಹೋಗಿದ್ದ ಅವರ ಹಳೇ ತೊಟ್ಟಿಲಿಗೆ ಹೊಸದಾಗಿ ಮಸಿ ತುಂಬುತ್ತಿದ್ದಾನೆ, ಅಲ್ಲಲ್ಲಿ ರಕ್ತ ಜಿನುಗುತ್ತಿದೆ, ಟಿಶ್ಯೂನಲ್ಲಿ ಒರೆಸುತ್ತಿದ್ದಾನೆ. ಆಮೇಲೆ ಅದೇ ಯಂತ್ರ, ಅದೇ ಸೂಜಿ, ಅದೇ ಮಸಿಯ ಪುಟ್ಟ ಬಟ್ಟಲು ಸೊಸೆಯ ಕೈಗೆ. ಹಿಂದೆ ಮದುವೆ ವೀಡಿಯೊದ ಸಂಗೀತ.

"ಸೂಜಿ ಯಾಕೆ ಬದಲಾಯಿಸಲಿಲ್ಲ?"

"ಬದಲಾಯಿಸೋಕೆ ಹೋದೆ ಮೇಡಂ, ದೇವ್ರಾಣೆ. ಹೊಸ ಕವರ್ ಕೈಗೆ ತಗೊಂಡೆ. ಆ ಅಮ್ಮ ಬಿಡಲಿಲ್ಲ. ಒಂದೇ ಮನೆ ಹೆಣ್ಣುಮಕ್ಕಳಿಗೆ ಒಂದೇ ಸೂಜಿ ಆಗಬೇಕು, ಬೇರೆ ಸೂಜಿ ಅಂದ್ರೆ ಬೇರೆ ಒಲೆ ಹೂಡಿದಂಗೆ ಅಂದ್ರು. ದೊಡ್ಡೋರಿಗೆ ಮೊದಲು ಹಾಕು ಅಂತಾನೂ ಅಂದ್ರು. ಕಸ್ಟಮರ್ ಹೇಳಿದ್ಮೇಲೆ ನಾನೇನ್ ಮಾಡ್ಲಿ? ಹೆಂಗಿದ್ರೂ ಫ್ಯಾಮಿಲಿ ಅಲ್ವಾ ಅಂದ್ಕೊಂಡೆ."

ಅಲ್ಲಿಯವರೆಗೂ ನಾನು ಹುಡುಕುತ್ತಿದ್ದದ್ದು ಯಾವನೋ ಅಪರಿಚಿತ ಗಿರಾಕಿಯ ರಕ್ತವನ್ನು.

ಅಂಗಡಿಯ ಬಗ್ಗೆ ವರದಿ ಬರೆದು ಪುರಸಭೆಗೆ ತೆಗೆದುಕೊಂಡು ಹೋದೆ. ಅಂಗಡಿಗಿದ್ದ ಪರವಾನಗಿ ಬ್ಯೂಟಿ ಪಾರ್ಲರಿನದು. ಟ್ಯಾಟೂಗೆ ಅವರ ಕಂಪ್ಯೂಟರಿನಲ್ಲಿ ಬೇರೆ ಕಾಲಂ ಇಲ್ಲ. ಸೂಜಿಯ ಕಸ ಆಸ್ಪತ್ರೆ ಕಸವಲ್ಲವೇ ಎಂದು ಕೇಳಿದರೆ, ಅದು ಆಸ್ಪತ್ರೆಯಾಗಿದ್ದರೆ ಹೌದು ಎಂದರು. ಔಷಧ ನಿಯಂತ್ರಣದ ಅಧಿಕಾರಿಗೆ ಫೋನ್ ಮಾಡಿದೆ. ಆತ ಒಳ್ಳೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು.

"ಮೇಡಂ, ಚರ್ಮದ ಮೇಲೆ ಹಚ್ಚೋದಾದ್ರೆ ಸೌಂದರ್ಯವರ್ಧಕ ಅನ್ನಬಹುದು. ರೋಗಕ್ಕೆ ಕೊಡೋದಾದ್ರೆ ಔಷಧಿ. ಇದು ಚರ್ಮದ ಒಳಗೆ ಹೋಗುತ್ತೆ, ರೋಗಕ್ಕಲ್ಲ. ಯಾವುದರಲ್ಲಿ ಹಿಡೀಲಿ ಹೇಳಿ?"

ನಮ್ಮ ವೈದ್ಯಾಧಿಕಾರಿಗಳು ನನ್ನ ವರದಿಗೆ ಒಂದು ಸಾಲು ಸೇರಿಸಿ ಮೇಲಕ್ಕೆ ಕಳಿಸಿದರು. ಮೇಲಿನವರು ಮತ್ತೂ ಮೇಲಕ್ಕೆ ಕಳಿಸಿರಬೇಕು. ಇವತ್ತಿನವರೆಗೂ ಅದು ಕೆಳಗಿಳಿದಿಲ್ಲ.

ಮನೆಯ ಎಲ್ಲರಿಗೂ ಲಸಿಕೆ ಹಾಕಬೇಕಿತ್ತು, ಅದಕ್ಕೆ ಮೊದಲು ರಕ್ತಪರೀಕ್ಷೆ. ಅತ್ತೆ ಕೈ ಕೊಡಲು ಒಪ್ಪಲಿಲ್ಲ. "ನಂಗ್ಯಾಕೆ? ನಾನೇನ್ ಎಲ್ಲೂ ಓಗಿಲ್ಲ, ಬಂದಿಲ್ಲ," ಎಂದರು. ಎರಡು ಸಲ ಮನೆಗೆ ಹೋದೆ. ಮೂರನೇ ಸಲ, ಮೊಮ್ಮಗುವನ್ನು ಎತ್ತಿ ಆಡಿಸಬೇಕಾದವರು ನೀವೇ ಅಲ್ಲವೇ ಎಂದ ಮೇಲೆ ಸೆರಗು ಸರಿಸಿ ಕೈ ಚಾಚಿದರು. ಪಟ್ಟಿಯಲ್ಲಿ ಎರಡು ಗೆರೆ. ಸಿಟಿಯ ಲ್ಯಾಬಿನಿಂದಲೂ ಉತ್ತರ ಬಂತು: ಹಳೆಯದು, ವರ್ಷಗಳ ಹಿಂದಿನದು.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವರನ್ನು ಒಬ್ಬರನ್ನೇ ಕರೆದು ಹೇಳಿದೆ. ಮಗ ಎಂಟನೇ ತರಗತಿಯಲ್ಲಿದ್ದಾಗ ಗರ್ಭಕೋಶದ ಆಪರೇಷನ್ ಆಗಿತ್ತು, ಎರಡು ಬಾಟಲಿ ರಕ್ತ ಹಾಕಿದ್ದರು ಎಂದು ಆಮೇಲೆ ತಾವೇ ಹೇಳಿದರು. ಅವರ ತಪ್ಪೇನೂ ಇರಲಿಲ್ಲ. ನನಗೆ ನಿಜವಾಗಿಯೂ ಮರುಕ ಬಂತು.

"ನೀವು ಬೇಕು ಅಂತ ಮಾಡಿದ್ದಲ್ಲ ಅಮ್ಮ, ನಿಮಗೆ ಗೊತ್ತೂ ಇರಲಿಲ್ಲ. ಆದ್ರೆ ಅವಳಿಗೆ ಬಂದಿರೋದು ಆ ಸೂಜಿಯಿಂದಾನೇ. ನೀವೇ ಒಂದು ಮಾತು ಮಗನಿಗೆ ಹೇಳಿಬಿಡಿ. ಹುಡುಗಿ ಮೇಲಿನ ಮಾತು ಹೋಗುತ್ತೆ."

ಅವರು ನನ್ನ ಕೈ ಹಿಡಿದುಕೊಂಡರು. "ಯಾರ್ಗೂ ಯೋಳ್ಬ್ಯಾಡಿ ಮೇಡಮ್ಮ. ಗಂಡ ಸತ್ತು ಇಷ್ಟೊರ್ಸ ಆತು, ಒಬ್ರು ಒಂದ್ ಮಾತಾಡಿಲ್ಲ ನನ್ ಬಗ್ಗೆ. ಈಗ ಈ ರೋಗ ಅಂದ್ರೆ ಜನ ಏನಂತಾರೆ? ಬಾಡಿಗೆಯೋರೂ ನಗ್ತಾರೆ."

"ಅವಳ ಬಗ್ಗೆ ಈಗ ಜನ ಆಡ್ತಿರೋದು?"

"ಅವ್ಳು ಚಿಕ್ಕೋಳು. ತಡ್ಕಂತಾಳೆ."

ಒಬ್ಬರ ಪರೀಕ್ಷೆಯ ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ಈ ನಿಯಮವನ್ನು ನಾನೇ ಹೊಸ ಆಶಾ ಕಾರ್ಯಕರ್ತೆಯರಿಗೆ ಪಾಠ ಮಾಡುತ್ತೇನೆ. ಯಾರಿಗೂ ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟೆ. ಸೋಂಕು ಇರುವವರಿಗೆ ಈ ಲಸಿಕೆ ಹಾಕುವುದಿಲ್ಲ. ಆದರೂ ಮನೆಯವರಿಗೆ ಲಸಿಕೆ ಬಿದ್ದ ದಿನ ಅತ್ತೆಯೂ ತೋಳು ಹಿಡಿದುಕೊಂಡು ಹೊರಬಂದರು, ಅವರಿಗೂ ಚುಚ್ಚಿದರು ಎಂದು ಎಲ್ಲರೂ ತಿಳಿದರು.

ಅದಾದ ಭಾನುವಾರ ಅವರ ಮನೆಯ ನೆಲಮಹಡಿಯ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನ್ಯಾಯ ಸೇರಿಸಿದರು. ಈ ಕಡೆಯ ಇಬ್ಬರು ಹಿರಿಯರು, ಅತ್ತಿಬೆಲೆ ದಾಟಿ ತಮಿಳುನಾಡು ಗಡಿಯಾಚೆಯ ಹಳ್ಳಿಯಿಂದ ಬಂದ ಹುಡುಗಿಯ ಅಪ್ಪ. ಡಾಕ್ಟರ ಕಡೆಯವರು ಒಂದು ಮಾತು ಹೇಳಲಿ ಎಂದು ಆ ಅಪ್ಪನೇ ನನ್ನನ್ನು ಕರೆದಿದ್ದ. ಹುಡುಗಿಯೂ, ನನ್ನ ರಿಪೋರ್ಟನ್ನ ಎಲ್ಲರ ಮುಂದೆ ಓದಿ ಮೇಡಂ, ನನಗೇನೂ ಭಯ ಇಲ್ಲ ಎಂದಿದ್ದಳು. ಓದಿದೆ. ಹೊಸ ಸೋಂಕು, ಹಚ್ಚೆಯ ಸೂಜಿಯಿಂದ ಬಂದಿರುವ ಸಂಭವವೇ ಹೆಚ್ಚು, ನಡತೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದೆ. ಹಿರಿಯರಲ್ಲೊಬ್ಬರು ತಲೆದೂಗಿದರು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಇನ್ನೊಬ್ಬರು ಅತ್ತೆಯ ಕಡೆ ತಿರುಗಿದರು.

"ಅಲ್ಲಕ್ಕಾ, ಅವತ್ತು ನೀನೂ ಅಚ್ಚೆ ಆಕಿಸ್ಕಂಡೆ ಅಲ್ವಾ?"

ಅತ್ತೆ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಊಂ ಕಣಣ್ಣ, ಅದೇ ಅಂಗಡಿ, ಅದೇ ಸೂಜಿ. ನಂಗೇನಾಗೈತೆ? ಗುಂಡ್ಕಲ್ಲಂಗಿವ್ನಿ. ನನ್ ರಕ್ತಾನೂ ತಗಂಡೋಗವ್ರೆ. ಬೇಕಾರೆ ಮೇಡಮ್ಮನ್ನೇ ಕೇಳು."

ಹಿರಿಯರು ನನ್ನನ್ನು ಕೇಳಿದರು. "ಇವರ್ದು ಸರಿಯಾಗೈತಾ ತಾಯಿ?"

ಅವರ ವರದಿ ನನ್ನ ಬ್ಯಾಗಿನಲ್ಲೇ ಇತ್ತು. ಕೇಳು ಎಂದು ಅವರೇ ಹತ್ತು ಜನರ ಮುಂದೆ ಹೇಳಿದ್ದರು. ಅದನ್ನೇ ಒಪ್ಪಿಗೆ ಎಂದು ಹಿಡಿದುಕೊಂಡು ನಾನು ಬಾಯಿ ಬಿಡಬಹುದಿತ್ತು. ಹುಡುಗಿ ಕಂಬಕ್ಕೊರಗಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಹೇಳಿದ್ದು ಇಷ್ಟು: "ಒಬ್ಬರ ರಿಪೋರ್ಟನ್ನ ಇನ್ನೊಬ್ಬರ ಮುಂದೆ ಹೇಳೋ ಹಾಗಿಲ್ಲ."

"ಅಂದ್ಮೇಲೆ ಸರಿಯಾಗೇ ಐತೆ," ಎಂದರು ಹಿರಿಯರು. ಒಂದೇ ಸೂಜಿ ಇಬ್ಬರಿಗೂ ಚುಚ್ಚಿದ ಮೇಲೆ ಒಬ್ಬರಿಗೆ ಬಂದು ಒಬ್ಬರಿಗೆ ಬರದೆ ಇರುವುದು ಹೇಗೆ ಎಂಬಲ್ಲಿಗೆ ಮಾತು ನಿಂತಿತು. ನನ್ನ ವಾದವೇ ನನ್ನ ಕೊರಳಿಗೆ ಬಿತ್ತು. ಹೆರಿಗೆ ಆಗುವವರೆಗೂ ತವರಲ್ಲಿರಲಿ, ಆಮೇಲೆ ನೋಡೋಣ ಎಂದು ತೀರ್ಮಾನವಾಯಿತು. ಆಮೇಲೆ ನೋಡೋಣ ಎಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಂಡ ಕಾರಿನ ಕೀ ತಿರುಗಿಸುತ್ತಾ ನಿಂತಿದ್ದ.

ನಾನು ಯಾಕೆ ಸುಮ್ಮನಿದ್ದೆ ಎಂದು ವೈದ್ಯಾಧಿಕಾರಿಗಳ ಹತ್ತಿರ ಒಳ್ಳೊಳ್ಳೆ ಕಾರಣಗಳನ್ನು ಹೇಳಿದೆ. ಆರೋಗ್ಯ ಕೇಂದ್ರದವರು ಬಾಯಿ ಬಿಟ್ಟರು ಎಂದು ಆ ಬಾಡಿಗೆ ಮನೆಗಳಲ್ಲಿ ಒಮ್ಮೆ ಸುದ್ದಿಯಾದರೆ ಮುಂದೆ ಯಾರೂ ಕೈ ಚಾಚುವುದಿಲ್ಲ. ಅಲ್ಲಿ ಎಚ್‌ಐವಿ ಮಾತ್ರೆ ತಿನ್ನುವವರಿದ್ದಾರೆ, ಟಿಬಿಯವರಿದ್ದಾರೆ. ಎಲ್ಲವೂ ನಿಜ. ಅವರೂ ಸರಿ ಮಾಡಿದಿರಿ ಎಂದರು. ಆದರೆ ಆ ಕ್ಷಣದಲ್ಲಿ ನನ್ನ ಬಾಯಿ ಕಟ್ಟಿದ್ದು ನಿಯಮವೋ, ಆ ಹೆಂಗಸಿನ ಕಣ್ಣಿಗೆ ಹೆದರಿದ ನನ್ನ ಪುಕ್ಕಲುತನವೋ, ನನಗೆ ಈಗಲೂ ಗೊತ್ತಿಲ್ಲ. ಹುಡುಗಿಯ ಮರ್ಯಾದೆಯ ಕಾಗದವನ್ನು ಊರ ಮುಂದೆ ಓದಿ, ಅತ್ತೆಯದನ್ನು ಬ್ಯಾಗಿನಲ್ಲಿ ಮುಚ್ಚಿಟ್ಟೆ. ಅದಂತೂ ನಿಜ.

ಹುಡುಗಿ ಗಡಿ ದಾಟಿದ ಮೇಲೆ ನಮ್ಮ ಕಂಪ್ಯೂಟರಿಗೂ ಅವಳಿಗೂ ಸಂಬಂಧ ಕಡಿಯಿತು. ಅತ್ತಿಬೆಲೆ ಚೆಕ್‌ಪೋಸ್ಟ್ ದಾಟಿದ ಗರ್ಭಿಣಿ ನಮ್ಮ ಪಟ್ಟಿಯಲ್ಲಿ ಬರೀ 'ವಲಸೆ'. ಲ್ಯಾಬ್ ಟೆಕ್ನಿಷಿಯನ್‌ಗೆ ತಮಿಳು ಬರೆಯಲು ಬರುತ್ತಿತ್ತು. ಹುಟ್ಟಿದ ದಿನವೇ ಮಗುವಿಗೆ ಬೀಳಬೇಕಾದ ಎರಡು ಚುಚ್ಚುಮದ್ದಿನ ಹೆಸರು, ಪ್ರಮಾಣ, ಕಾರಣ ಎಲ್ಲವನ್ನೂ ಅವಳಿಂದ ತಮಿಳಿನಲ್ಲಿ ಬರೆಸಿ, ಲ್ಯಾಮಿನೇಟ್ ಮಾಡಿಸಿ ಹುಡುಗಿಯ ಕೈಗೆ ಕೊಟ್ಟಿದ್ದೆ. ಹೆರಿಗೆ ಕೋಣೆಗೆ ಹೋಗುವಾಗ ಇದನ್ನು ನರ್ಸಿನ ಕೈಗೇ ಕೊಡು, ಯಾರಿಗೂ ಹೆದರಬೇಡ ಎಂದಿದ್ದೆ. ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಆರೇಳು ಸಲ ಫೋನ್ ಮಾಡಿ, ಔಷಧಿ ತರಿಸಿಟ್ಟಿದ್ದಾರೆಂದು ಖಾತ್ರಿ ಮಾಡಿಕೊಂಡೆ. ಹೆಣ್ಣುಮಗು ಹುಟ್ಟಿತು, ಎರಡೂ ಚುಚ್ಚುಮದ್ದು ಬಿದ್ದವು ಎಂದು ಅವಳ ಅಪ್ಪ ತಿಳಿಸಿದ. ಗಂಡನ ಮನೆಯಿಂದ ಯಾರೂ ಮಗುವನ್ನು ನೋಡಲು ಹೋಗಲಿಲ್ಲ.

ಅದೇ ದಿನಗಳಲ್ಲಿ ಟ್ಯಾಟೂ ಅಂಗಡಿಗೆ ಬೀಗ ಬಿತ್ತು. ನನಗೆ ಫೋನ್ ಮಾಡಿ ಅಭಿನಂದಿಸಿದವರೂ ಇದ್ದರು. ವಿಚಾರಿಸಿದರೆ, ಪುರಸಭೆಯವರು ಬೀಗ ಹಾಕಿದ್ದು ಬೋರ್ಡಿನಲ್ಲಿ ಕನ್ನಡ ಇಲ್ಲವೆಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾಲ್ಕೇ ದಿನದಲ್ಲಿ ಬಾಗಿಲು ತೆರೆಯಿತು. ಕನ್ನಡ ದೊಡ್ಡ ಅಕ್ಷರದಲ್ಲಿ ಬಂದಿತ್ತು, ನೀಲಿ ದೀಪದ ಪೆಟ್ಟಿಗೆ ಇದ್ದಲ್ಲೇ ಇತ್ತು.

ಅತ್ತೆ ಈಗಲೂ ಬರುತ್ತಾರೆ. ಬಿಪಿ ನೋಡಿಸುವ ನೆಪ ಹೇಳಿ, ಜನ ಕಡಿಮೆಯಾದ ಮೇಲೆ, ಲಿವರ್ ಪರೀಕ್ಷೆಗೆ ರಕ್ತ ಕೊಟ್ಟು ಹೋಗುತ್ತಾರೆ. ಹೋದ ಸಲ ಎದ್ದು ಹೊರಡುವಾಗ, "ನೀವು ದೊಡ್ಡೋರು ಮೇಡಮ್ಮ. ನಿಮ್ಮಿಂದ ನನ್ ಮಾನ ಉಳೀತು," ಎಂದು ಕೈಮುಗಿದರು. ಕೆನ್ನೆಗೆ ಬಾರಿಸಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಮಗು ಹೇಗಿದೆ ಎಂದು ಅವರು ಕೇಳಲಿಲ್ಲ.

ಕಳೆದ ತಿಂಗಳು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಹುಡುಗಿಯ ಫೋನ್ ಬಂತು. ಆರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸು ಎಂದಿದ್ದೆ, ಮಾಡಿಸಿದ್ದಳು. ನೆಗೆಟಿವ್. ಪೂರ್ತಿ ವಾಸಿಯಾಗಿತ್ತು. ನನಗೆ ಕಣ್ಣು ತುಂಬಿ ಬಂತು, ಊಟದ ಡಬ್ಬಿ ಮುಚ್ಚಿಟ್ಟೆ. ಅವಳ ದನಿಯಲ್ಲಿ ಸಂತೋಷವೇನೂ ಇರಲಿಲ್ಲ.

"ಇಲ್ಲಿನ ಡಾಕ್ಟ್ರೂ ಸೂಜೀಲಿ ಬಂದಿರೋದೇ ಅಂದ್ರು ಮೇಡಂ. ಆದ್ರೆ ಸೂಜಿ ಹೊಸದಿತ್ತು, ನನ್ನ ಕಣ್ಮುಂದೇನೇ ಕವರ್ ಹರಿದ. ಮಸೀನೂ ಹೊಸ ಶೀಶೆ, ಸೀಲ್ ಒಡೆದಿದ್ದು ನೋಡಿದ್ದೀನಿ. ನನಗಿಂತ ಮುಂಚೆ ಆ ಸೂಜಿ ಚುಚ್ಚಿದ್ದು ಒಬ್ಬರಿಗೇನೆ."

ನಾನು ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಅವತ್ತು ಎಲ್ಲರೂ ಕೂತಿದ್ರಲ್ಲ ಮೇಡಂ, ಆವಾಗ ನಿಮಗೆ ಗೊತ್ತಿತ್ತಾ?"

ಹಿಂದೆ ಮಗು ಅಳುತ್ತಿತ್ತು. ಅವಳು ಅದನ್ನು ಸಮಾಧಾನ ಮಾಡದೆ ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಹತ್ತನೇ ವಾರದ ಲಸಿಕೆ ಈ ಬುಧವಾರ ಬರುತ್ತೆ," ಎಂದೆ. "ತಪ್ಪಿಸಬೇಡಮ್ಮ."

"ಆಯ್ತು ಮೇಡಂ," ಎಂದಳು. ಆಮೇಲೆ ಅವಳು ನನಗೆ ಫೋನ್ ಮಾಡಿಲ್ಲ.